ಅಧ್ಯಕ್ಷರು ಕೆಸರಿಗೆ ಇಳಿಯಬಾರದು

ಸಿಂಧನೂರಿನಲ್ಲಿ ಯಾವ ಸಂಘಕ್ಕೂ ಸೇರದ ಮನುಷ್ಯ ಬೇಕೆಂದರೆ ಆಸ್ಪತ್ರೆಯ ಹೆರಿಗೆ ವಾರ್ಡಿಗೇ ಹೋಗಿ ಹುಡುಕಬೇಕು. ಅಲ್ಲಿಂದ ಹೊರಗೆ ಬಂದವರೆಲ್ಲ ಯಾವುದಾದರೊಂದಕ್ಕೆ ಸೇರಿದವರೇ. ಹಮಾಲರ ಸಂಘ, ಶಾಮಿಯಾನದವರ ಸಂಘ, ಫೋಟೋದವರ ಸಂಘ, ಜಾತಿಗೊಂದು ಸಂಘ, ಜಾತಿಯೊಳಗಿನ ಜಗಳಕ್ಕೆ ಇನ್ನೊಂದು ಸಂಘ. ನಾನು ಮೂರು ಗಾಲಿಯ ಟಂಟಂ ಗಾಡಿ ಓಡಿಸುವವನು. ನಮ್ಮ ಚಾಲಕರ ಸಂಘವೂ ಮೊದಲು ಒಂದೇ ಇತ್ತು. ಒಗ್ಗಟ್ಟಿನ ಬಗ್ಗೆ ಯಾರು ಮೊದಲು ಭಾಷಣ ಮಾಡಬೇಕು ಅನ್ನುವ ಮಾತಿಗೆ ಕೈ ಕೈ ಹತ್ತಿ ಈಗ ಎರಡಾಗಿದೆ. ನಾನು ಎರಡಕ್ಕೂ ಸದಸ್ಯ. ಎರಡು ಕಡೆಯವರಿಂದಲೂ ಬೈಸಿಕೊಳ್ಳುತ್ತೇನೆ, ಎರಡು ಕಡೆಯ ವಾರ್ಷಿಕೋತ್ಸವದಲ್ಲೂ ಉಣ್ಣುತ್ತೇನೆ.

ಇಂಥ ಊರಿನ ಮಗ್ಗುಲಲ್ಲೇ, ದಢೇಸುಗೂರಿನಲ್ಲಿ, ಒಂದು ಗುಂಪಿತ್ತು. ಭತ್ತದ ಸಸಿ ಹಚ್ಚುವ ಹೆಣ್ಣುಮಕ್ಕಳ ಗುಂಪು. ಕಾಲುವೆಗೆ ನೀರು ಬಿಟ್ಟ ಮೇಲೆ ಅವರನ್ನು ಬೆಳಿಗ್ಗೆ ಗದ್ದೆಗೆ ಒಯ್ಯುವುದು, ಸಂಜೆ ಮನೆಗೆ ಮುಟ್ಟಿಸುವುದು ನನ್ನ ಕೆಲಸ. ಆ ಗುಂಪಿಗೆ ಹೆಸರಿರಲಿಲ್ಲ, ಬೋರ್ಡಿರಲಿಲ್ಲ, ಅಧ್ಯಕ್ಷರಿರಲಿಲ್ಲ. ಬಹುಶಃ ಅದಕ್ಕೇ ಅದು ಅಷ್ಟು ವರ್ಷ ಒಡೆದೂ ಇರಲಿಲ್ಲ.

ಅವರ ಕೆಲಸದ ರೀತಿ ಹೇಳುತ್ತೇನೆ, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಗದ್ದೆಯನ್ನು ಎಲ್ಲರೂ ಸೇರಿ ಗುತ್ತಿಗೆ ಹಿಡಿಯುತ್ತಾರೆ, ಕೂಲಿ ಎಲ್ಲರಿಗೂ ಸಮ. ಕೆಸರಿನಲ್ಲಿ ಅಡ್ಡಕ್ಕೆ ಬಾಗಿ ನಿಲ್ಲುತ್ತಾರೆ. ಒಬ್ಬೊಬ್ಬರ ಮುಂದೆ ಕೈ ಆಡುವಷ್ಟು ಅಗಲದ ಒಂದು ಪಟ್ಟಿ, ಅದೇ ಅವರವರ ಸಾಲು. ಸಸಿ ಚುಚ್ಚುತ್ತಾ ಎಲ್ಲರೂ ಕೂಡಿಯೇ ಹಿಂದಕ್ಕೆ ಸರಿಯಬೇಕು. ಒಬ್ಬಳು ತಡ ಮಾಡಿದರೆ ಅವಳ ಪಟ್ಟಿಯ ಬರೀ ನೀರು ಇಡೀ ಊರಿಗೆ ಕಾಣುತ್ತದೆ.

ಕನಕಮ್ಮ ಈ ಗುಂಪಿಗೆಲ್ಲ ಹಿರಿಯಳು. ಮದುವೆಯಾಗಿ ಬಂದ ಮಾರನೇ ವರ್ಷ ಕೆಸರಿಗೆ ಇಳಿದವಳು ಮೊಮ್ಮಕ್ಕಳು ಬಂದರೂ ಮೇಲೆ ಬಂದಿರಲಿಲ್ಲ. ಗಂಡ ಮುದುಕಪ್ಪ ಕುರಿ ಕಾಯುವವನು, ಅವನ ಬಾಯಿಂದ ಮಾತು ಹೊರಡಿಸುವುದಕ್ಕಿಂತ ಕುರಿಯ ಬಾಯಿಂದ ಹೊರಡಿಸುವುದು ಸುಲಭ. ಅವನ ಪಾಲಿನ ಮಾತನ್ನೂ ಈಕೆಯೇ ಆಡುತ್ತಿದ್ದಳು. ನನ್ನ ಟಂಟಂನಲ್ಲಿ ಮುಂದಿನ ಸೀಟು ಆಕೆಯದು. ಹತ್ತಿದ ಕೂಡಲೇ ಶುರು.

"ಲೇ ಇಶ್ತಿಯಾಕ, ಈಗಿನ ಹುಡುಗ್ಯಾರಿಗೆ ಸೊಂಟ ಅನ್ನೋದು ಐತೋ ಇಲ್ಲೋ? ನನ್ನ ಎಡಗಡೆ ಈ ಮಾಲಕ್ಷ್ಮಿ, ಬಲಗಡೆ ಆ ದುರ್ಗಾದೇವಿ. ಇಬ್ರೂ ಒಂದಾ ನಮೂನಿ ಮೈಗಳ್ಳ್ಯಾರು. ಅವ್ರು ನಾಕು ಸಸಿ ಹಚ್ಚೋದ್ರಾಗ ನಂದು ಸಾಲಾ ಮುಗಿದಿರ್ತೈತಿ."

ಹಿಂದೆ ಕುಳಿತ ಮಹಾಲಕ್ಷ್ಮಿ, ದುರ್ಗಾದೇವಿ ಇಬ್ಬರೂ ಕಿಮಕ್ ಅನ್ನುತ್ತಿರಲಿಲ್ಲ. ಯಾಕೆಂದರೆ ಕನಕಮ್ಮನ ಸಾಲು ಮುಗಿಯುತ್ತಿದ್ದದ್ದು ನಿಜ. ಮುಗಿಸುತ್ತಿದ್ದವರು ಮಾತ್ರ ಅವರಿಬ್ಬರು.

ಆಕೆಗೆ ಸೊಂಟ ಹೋಗಿತ್ತು. ಕಣ್ಣಿಗೆ ದೂರದ್ದು ಚೆನ್ನಾಗಿ ಕಾಣುತ್ತಿತ್ತು, ಹತ್ತಿರದ್ದು ಮಸುಕು. ಬಾಗಿ ನಿಂತವಳು ಕೈಗೆ ಸಿಕ್ಕಲ್ಲಿ ಎರಡು ಸಸಿ ಚುಚ್ಚುವ ಹೊತ್ತಿಗೆ, ಎಡದಿಂದ ಒಂದು ಕೈ ಬಂದು ಎರಡು, ಬಲದಿಂದ ಒಂದು ಕೈ ಬಂದು ಎರಡು ಚುಚ್ಚಿ ಹೋಗುತ್ತಿದ್ದವು. ಆಕೆ ತಡವಿ ನೋಡಿದರೆ ಸಸಿ ಇದ್ದೇ ಇರುತ್ತಿದ್ದವು. ತಾನೇ ಹಚ್ಚಿದ್ದು ಅಂದುಕೊಂಡು ಹಿಂದಕ್ಕೆ ಹೆಜ್ಜೆ ಇಡುತ್ತಿದ್ದಳು. ಬದುವಿನ ಮೇಲೆ ಬೀಡಿ ಸೇದುತ್ತಾ ಕೂರುವ ನನಗೆ ಇದು ಕಾಣದೆ ಇರುತ್ತದೆಯೇ? ಒಮ್ಮೆ ಮಹಾಲಕ್ಷ್ಮಿಯನ್ನು ಕೇಳಿದೆ, ಎಷ್ಟು ದಿನದಿಂದ ಈ ಆಟ ಅಂತ. ಅವಳು ಕೈಯಲ್ಲಿದ್ದ ಕೆಸರನ್ನು ನನ್ನ ಅಂಗಿಗೆ ಎರಚಿ, "ನಿನ್ನ ಗಾಡಿ ಎಷ್ಟು ಐತಿ ಅಷ್ಟು ನೋಡ್ಕೊ ಇಶ್ತಿಯಾಕಣ್ಣ" ಅಂದಳು. ಹೊಸ ಅಂಗಿ ಅದು.

ಹೀಗೆ ಚೆನ್ನಾಗಿ ನಡೆದಿದ್ದ ಸಂಸಾರಕ್ಕೆ ಹೋದ ವರ್ಷ ಲಿಂಗಸುಗೂರಿನಿಂದ ಆನಂದಕುಮಾರ ಬಂದ. ಮಹಿಳೆಯರನ್ನು ಸಂಘಟಿಸುವ ಯಾವುದೋ ಒಕ್ಕೂಟದ ತರಬೇತುದಾರ. ಒಳ್ಳೆಯ ಹುಡುಗ, ಕೆಟ್ಟವನಲ್ಲ. ಆದರೆ ಇಬ್ಬರು ನಿಂತು ಮಾತಾಡುತ್ತಿದ್ದರೆ ಅವರನ್ನು ಅಲ್ಲೇ ನೋಂದಣಿ ಮಾಡಿಸಿಬಿಡುವ ಚಟ. ಬೇವಿನ ಗಿಡದ ಕೆಳಗೆ ಎಲ್ಲರನ್ನೂ ಕೂಡಿಸಿ ಕೇಳಿದ.

"ಅಕ್ಕಾರ, ನೀವು ಇಷ್ಟು ವರ್ಷ ಒಟ್ಟಿಗೆ ದುಡದೀರಿ. ಆದ್ರ ನಿಮ್ಮಲ್ಲಿ ಒಗ್ಗಟ್ಟು ಐತೇನ್ರಿ?"

ಒಬ್ಬಳು ಭಯದಿಂದ "ಇಲ್ರಿ" ಅಂದಳು. ಅಷ್ಟೇ ಬೇಕಾಗಿತ್ತು ಅವನಿಗೆ. ಅವನ ಮಾತು ಮಸ್ಕಿಯ ಬಂಡೆಗೆ ಹೋಯಿತು. ಎರಡು ಸಾವಿರ ವರ್ಷದ ಹಿಂದೆ ಅಶೋಕ ಮಹಾರಾಜ ಅಲ್ಲಿಯ ಕಲ್ಲಿನ ಮೇಲೆ ತಾನು ಸಂಘದ ಹತ್ತಿರ ಹೋದೆ, ಹೋದ ಮೇಲೆ ಉದ್ಧಾರವಾದೆ ಅಂತ ಕೆತ್ತಿಸಿದ್ದಾನಂತೆ. ಅಂದಮೇಲೆ ಸಂಘ ಅನ್ನೋದು ನಮ್ಮ ನೆಲದ್ದೇ ಮಾತು ಅಂದ. ನಾನೂ ಆ ಬಂಡೆ ನೋಡಿದ್ದೇನೆ. ಅಶೋಕ ಅಲ್ಲಿ ಅಧ್ಯಕ್ಷನಾಗಿದ್ದನೋ ಬರೀ ಸದಸ್ಯನೋ ಅಂತ ಯಾರೂ ನನಗೆ ಓದಿ ಹೇಳಲಿಲ್ಲ. ನಮ್ಮ ಕಡೆ ಮೊದಲು ಕೇಳುವುದೇ ಅದನ್ನು.

ಅಂತೂ ನಾಟಿ ಮಹಿಳೆಯರ ಸಂಘ ಹುಟ್ಟಿತು. ಕಿರಾಣಿ ಅಂಗಡಿಯವರ ಮನೆಯ ಶಿವಕುಮಾರಿ ಅಧ್ಯಕ್ಷೆಯಾದಳು. ಅವಳು ಜೀವಮಾನದಲ್ಲಿ ಕೆಸರು ಮುಟ್ಟಿದವಳಲ್ಲ, ಆದರೆ ಅವಳ ಮನೆಯಲ್ಲಿ ನಾಲ್ಕು ಪ್ಲಾಸ್ಟಿಕ್ ಕುರ್ಚಿಗಳಿದ್ದವು. ಸಭೆಗೆ ಕುರ್ಚಿ ಬೇಕಲ್ಲ. ವಾರಕ್ಕೊಂದು ಸಭೆ ನಡೆಯತೊಡಗಿತು. ಅವಳು ಕುರ್ಚಿಯಲ್ಲಿ, ಉಳಿದವರು ನೆಲದ ಮೇಲೆ. ಸಮಾನತೆಯ ಬಗ್ಗೆ ಮಾತಾಡಿ, ಚಹಾ ಕುಡಿದು, ಎದ್ದು ಬರುತ್ತಿದ್ದರು. ಗದ್ದೆಯಲ್ಲಿ ಮಾತ್ರ ಹಳೆಯ ಪದ್ಧತಿಯೇ ನಡೆದಿತ್ತು. ಎಡದಿಂದ ಒಂದು ಕೈ, ಬಲದಿಂದ ಒಂದು ಕೈ.

ಈ ವರ್ಷ ಮುಂಗಾರಿನ ನಾಟಿ ಶುರುವಾಗುವ ಹೊತ್ತಿಗೆ ಆನಂದಕುಮಾರ ಒಂದು ಸುದ್ದಿ ತಂದ. ಗೊರೇಬಾಳದ ರಸ್ತೆ ಪಕ್ಕ ವಿರೂಪಾಕ್ಷಪ್ಪ ಸಾಹುಕಾರರ ಗದ್ದೆಯಲ್ಲಿ ನಾಟಿ ಸ್ಪರ್ಧೆ. ಸಿಂಧನೂರು, ಮಸ್ಕಿ, ಲಿಂಗಸುಗೂರು, ಮೂರೂ ಕಡೆಯ ಸಂಘಗಳು ಬರುತ್ತವೆ. ಮೊದಲು ಸಂಘಕ್ಕೊಬ್ಬಳಂತೆ ಒಂಟಿ ಸ್ಪರ್ಧೆ, ಹಗ್ಗ ಕಟ್ಟಿದ ಮಡಿಯಲ್ಲಿ ಒಬ್ಬಳೇ ಹಚ್ಚಬೇಕು. ಆಮೇಲೆ ಗುಂಪು ಸ್ಪರ್ಧೆ. "ನಿಮ್ಮ ಸಂಘದಾಗ ಎಲ್ಲಾರ್ಗಿಂತ ಚುರುಕು ಯಾರ್ರಿ?" ಅಂತ ಕೇಳಿದ.

ಎಲ್ಲರೂ ಮಹಾಲಕ್ಷ್ಮಿಯ ಕಡೆ ನೋಡಿದರು. ಕನಕಮ್ಮ ಎದ್ದು ನಿಂತಳು.

"ನೋಡೋದೇನು ಐತಿ ಅದ್ರಾಗ? ನನ್ನ ಹೆಸರು ಬರ್ಕೊ ತಮ್ಮಾ."

ಅವತ್ತು ಸಂಜೆ ಕನಕಮ್ಮನನ್ನು ಮನೆಗೆ ಇಳಿಸಿದ ಮೇಲೆ ಮಹಾಲಕ್ಷ್ಮಿ ನನ್ನ ಹೆಗಲು ತಟ್ಟಿ ಗಾಡಿ ನಿಲ್ಲಿಸಿದಳು.

"ಅಣ್ಣ, ಆಕಿನ್ನ ಒಬ್ಬಾಕಿನ್ನಾ ಮಡಿಯಾಗ ನಿಂದರ್ಸಿದ್ರ ಎಲ್ಲಾ ಬಯಲಾಗ್ತೈತಿ. ಮಂದಿ ನಗ್ತಾರ ಅಂತಲ್ಲ, ನಗ್ಲಿ. ಆಕಿಗೆ ಗೊತ್ತಾಗ್ತೈತಲ್ಲ, ಅದು. ಗೊತ್ತಾದ್ರ ಆಕಿ ಮತ್ತ ಸಾಲಿಗೆ ಬರಂಗಿಲ್ಲ. ಸಾಲು ಬಿಟ್ಲು ಅಂದ್ರ ಹಾಸಿಗಿ ಹಿಡಿತಾಳ."

"ಸುಳ್ಳು ಅಲ್ಲ ಅದು" ಅಂದಳು ದುರ್ಗಾದೇವಿ. "ನಮ್ಮತ್ತಿ ಹಂಗಾ ಹೋದ್ಲು. ಕೆಲಸ ಬಿಡಿಸಿದ್ವಿ, ಮುಂದಿನ ಬೆಳಿ ನೋಡ್ಲಿಲ್ಲ."

ನನಗೆ ಸಿಟ್ಟು ಬಂತು. ನೇರವಾಗಿ ಹೇಳಿಬಿಡಿ, ಮುದುಕಿಗೆ ಕಣ್ಣಿಲ್ಲ ಸೊಂಟವಿಲ್ಲ, ಇದಕ್ಕೇನು ಇಷ್ಟು ನಾಟಕ ಅಂದೆ. ಇಬ್ಬರೂ ನನ್ನನ್ನು ನೋಡಿದ ರೀತಿಗೆ ಬೀಡಿ ಹಚ್ಚಿಕೊಂಡೆ.

ಉಪಾಯ ಹೊಳೆದದ್ದು ದುರ್ಗಾದೇವಿಗೆ. ಆನಂದಕುಮಾರ ಓದಿ ಹೇಳಿದ ನಿಯಮಗಳಲ್ಲಿ ಒಂದು, ಅಧ್ಯಕ್ಷರು ಸ್ಪರ್ಧೆಯಲ್ಲಿ ಭಾಗವಹಿಸುವಂತಿಲ್ಲ, ವೇದಿಕೆಯ ಮೇಲೆ ಕೂರಬೇಕು. ಅಂದರೆ ಕನಕಮ್ಮನನ್ನು ಅಧ್ಯಕ್ಷೆ ಮಾಡಿದರೆ ಮುಗಿಯಿತು. ಸುತ್ತಮುತ್ತ ಎಲ್ಲ ಕಡೆ ಜನ ಅಧ್ಯಕ್ಷಗಿರಿಗಾಗಿ ಅಂಗಿ ಹರಿದುಕೊಳ್ಳುತ್ತಾರೆ. ಒಬ್ಬಳನ್ನು ಕೆಲಸದಿಂದ ಬಚಾವು ಮಾಡಲು ಅಧ್ಯಕ್ಷೆ ಮಾಡಿದ್ದು ನಾನು ಕಂಡ ಹಾಗೆ ಇದೊಂದೇ ಸಂಘ. ಅಥವಾ ಎಲ್ಲ ಕಡೆ ನಡೆಯುವುದು ಅದೇ ಇರಬಹುದು, ನಮಗೆ ಗೊತ್ತಾಗುವುದಿಲ್ಲ.

ಶಿವಕುಮಾರಿ ಕುರ್ಚಿ ಬಿಡಬೇಕಲ್ಲ. ಮೊದಲು ಅತ್ತಳು. ಆಮೇಲೆ ಇದರ ಹಿಂದೆ ಯಾರ ಕೈವಾಡ ಐತಿ ಅಂತ ಕೇಳಿದಳು. ಮಹಾಲಕ್ಷ್ಮಿ ಅವಳ ಕೈ ಹಿಡಿದು, "ನಿಮ್ಮನ್ನ ತಗದು ಹಾಕಾಕತ್ತಿಲ್ರೀ ಅಕ್ಕಾರ, ಮ್ಯಾಲಕ್ಕ ಏರಿಸಾಕತ್ತೀವಿ. ನೀವು ಗೌರವ ಅಧ್ಯಕ್ಷರು" ಅಂದಳು. ಗೌರವ ಅಧ್ಯಕ್ಷರು ದೊಡ್ಡವರೋ ಬರೀ ಅಧ್ಯಕ್ಷರು ದೊಡ್ಡವರೋ ಅಂತ ಶಿವಕುಮಾರಿ ಗಂಡನಿಗೆ ಫೋನ್ ಹಚ್ಚಿ ಕೇಳಿದಳು. ಗೌರವವೇ ದೊಡ್ಡದು ಅಂದನಂತೆ ಅವನು, ಗಿರಾಕಿ ನಿಂತಿದ್ದರು ಅಂತ ಕಾಣುತ್ತದೆ. ಒಪ್ಪಿಕೊಂಡಳು.

ಕಷ್ಟವಾದದ್ದು ಕನಕಮ್ಮನನ್ನು ಒಪ್ಪಿಸುವುದು.

"ನನಗ್ಯಾಕ ಬೇ ಅಧ್ಯಕ್ಷಗಿರಿ? ಅದು ಕೈಲಾಗದವ್ರು ಮಾಡೋದು."

"ಹಂಗ್ಯಾಕ ಅಂತಿ ಯವ್ವಾ, ಅದು ಮರ್ಯಾದಿ" ಅಂದಳು ಮಹಾಲಕ್ಷ್ಮಿ.

"ನನ್ನ ಸಾಲು ಯಾರು ಹಚ್ತಾರ?"

"ಭಾಗ್ಯಶ್ರೀ ಹಚ್ತಾಳ. ಒಂದಿನದ ಮಾತು."

ಭಾಗ್ಯಶ್ರೀ ಈ ವರ್ಷವಷ್ಟೇ ಸೊಸೆಯಾಗಿ ಬಂದ ಹುಡುಗಿ, ಗಂಗಾವತಿ ಕಡೆಯವಳು. ಕೈ ಮಿಂಚು. ಕನಕಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿ, "ಸೋಲಿಸಿದಿ ಅಂದ್ರ ನಿನ್ನ ಕತಿ ಐತಿ" ಅಂದಳು. ಅಧ್ಯಕ್ಷರು ವೇದಿಕೆಯ ಮೇಲೆ ಇಲ್ಲದಿದ್ದರೆ ಸಂಘವನ್ನೇ ಸ್ಪರ್ಧೆಯಿಂದ ತೆಗೆಯುತ್ತಾರೆ ಅಂತ ಆನಂದಕುಮಾರನ ಕೈಲಿ ಒಂದು ಸುಳ್ಳು ಹೇಳಿಸಿದ ಮೇಲೆ ಕನಕಮ್ಮ ಮಣಿದಳು.

ಸ್ಪರ್ಧೆಯ ದಿನ ಆಕೆಗೆ ಇಳಕಲ್ ಸೀರೆ ಉಡಿಸಿದರು. ವೇದಿಕೆಯ ಮೇಲೆ ವಿರೂಪಾಕ್ಷಪ್ಪನವರ ಮಗ್ಗುಲಲ್ಲೇ ಕುರ್ಚಿ, ಕೊರಳಿಗೆ ಹಾರ, ಕೈಯಲ್ಲಿ ನೀರಿನ ಬಾಟಲಿ. ಆಕೆಯ ಎಡಕ್ಕೆ ಗೌರವ ಅಧ್ಯಕ್ಷೆ ಶಿವಕುಮಾರಿ, ತನ್ನ ಹಾರ ಚಿಕ್ಕದಾಯಿತೆಂದು ಮುಖ ಊದಿಸಿಕೊಂಡು. ವಿರೂಪಾಕ್ಷಪ್ಪನವರು ಭಾಷಣ ಎತ್ತಿಕೊಂಡರು. ಸಂಘಜೀವನವೇ ಭಾರತದ ಬೇರು, ಒಬ್ಬರಿಗಾಗಿ ಎಲ್ಲರು, ಎಲ್ಲರಿಗಾಗಿ ಒಬ್ಬರು. ಸಾಹುಕಾರರು ಹೀಗೆ ಹೇಳುವಾಗ ಅವರ ಸ್ವಂತ ತಮ್ಮ ಎದುರಿನ ಗದ್ದೆಯ ಬದುವಿನ ಮೇಲೆ ನಿಂತು ಕೇಳುತ್ತಿದ್ದರು. ಆ ಬದುವಿನ ಸಲುವಾಗಿ ಇಬ್ಬರೂ ಕೋರ್ಟಿಗೆ ಅಲೆಯುತ್ತಿರುವುದು ಅಲ್ಲಿ ಎಲ್ಲರಿಗೂ ಗೊತ್ತಿತ್ತು. ಚಪ್ಪಾಳೆ ಜೋರಾಗಿಯೇ ಬಿತ್ತು.

ಒಂಟಿ ಸ್ಪರ್ಧೆಯಲ್ಲಿ ಮಹಾಲಕ್ಷ್ಮಿ ಗೆದ್ದಳು. ಕನಕಮ್ಮ ಕೂತಲ್ಲಿಂದಲೇ "ಕೈ ಇಳಿಸು, ಆಳಕ್ಕ ಚುಚ್ಚು" ಅಂತ ಕೂಗಿ ಮೈಕಿನವನ ಕಿವಿ ಹಾರಿಸಿದಳು. ಗುಂಪು ಸ್ಪರ್ಧೆ ಶುರುವಾಯಿತು. ನಮ್ಮವರು ಸೆರಗು ಬಿಗಿದು ಅಡ್ಡಕ್ಕೆ ನಿಂತರು. ಮಹಾಲಕ್ಷ್ಮಿ ಮತ್ತು ದುರ್ಗಾದೇವಿಯ ನಡುವೆ, ಕನಕಮ್ಮನ ಜಾಗದಲ್ಲಿ, ಭಾಗ್ಯಶ್ರೀ.

ಕನಕಮ್ಮ ಈ ಕೆಲಸವನ್ನು ಎಂದೂ ನಿಂತು ನೋಡಿದವಳಲ್ಲ. ಬಾಗಿದವಳಿಗೆ ಕಂಡದ್ದು ತನ್ನ ಮುಂದಿನ ಮಸುಕು ನೀರಷ್ಟೇ. ಈಗ ಎತ್ತರದ ಮೇಲೆ ಕೂತಿದ್ದಾಳೆ, ದೂರದ್ದು ಆಕೆಯ ಕಣ್ಣಿಗೆ ಗಾಜಿನಷ್ಟು ಸ್ಪಷ್ಟ. ಇದನ್ನು ನಾವು ಒಬ್ಬರೂ ಯೋಚಿಸಿರಲಿಲ್ಲ.

ಸೀಟಿ ಊದಿದರು. ಭಾಗ್ಯಶ್ರೀಯ ಕೈ ಹರಿದಾಡಿತು. ಅವಳು ತನ್ನ ಸಾಲಿನಲ್ಲಿ ಸಸಿ ಚುಚ್ಚಲು ಹೋದಲ್ಲೆಲ್ಲ ಎಡದಿಂದ ಮಹಾಲಕ್ಷ್ಮಿಯ ಕೈ ಬಂದು ಅಡ್ಡ ನಿಂತಿತು. ಕೊಸರಿಕೊಂಡು ಬಲಕ್ಕೆ ಹೋದರೆ ಅಲ್ಲಿ ದುರ್ಗಾದೇವಿಯ ಕೈ. ಇಬ್ಬರೂ ಬೇಕೆಂದು ಮಾಡಿದ್ದಲ್ಲ. ಅವರ ಕೈಗಳಿಗೆ ಅಧ್ಯಕ್ಷೆ ಬದಲಾದದ್ದು ಗೊತ್ತಿರಲಿಲ್ಲ. ಒಂದೇ ಕುಳಿಗೆ ಎರಡೆರಡು ಸಸಿ ಬಿದ್ದವು, ಬೆರಳಿಗೆ ಬೆರಳು ಬಡಿಯಿತು. ಕೊನೆಗೆ ಭಾಗ್ಯಶ್ರೀ ನೆಟ್ಟಗೆ ಎದ್ದು ನಿಂತು, ಗದ್ದೆಗೆಲ್ಲ ಕೇಳುವಂತೆ ಕೂಗಿದಳು.

"ಅಕ್ಕಾ, ನಿಮ್ಮ ಸಾಲು ನೀವು ಹಚ್ಚ್ರಿ. ನನ್ನ ಸಾಲಿನ್ಯಾಗ ಯಾಕ ಬರಾಕತ್ತೀರಿ? ನನಗ ಕೈ ಇಲ್ಲೇನು?"

ಜನ ನಕ್ಕರು. ಮಸ್ಕಿಯವರು ಅಷ್ಟೊತ್ತಿಗೆ ಬದು ಮುಟ್ಟಿದ್ದರು. ನಾನು ವೇದಿಕೆಯ ಕಡೆ ತಿರುಗಿ ನೋಡಿದೆ. ಕನಕಮ್ಮ ನಗುತ್ತಿರಲಿಲ್ಲ. ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು, ಆ ಮೂರು ಜನರ ಕೈಗಳನ್ನೇ ನೋಡುತ್ತಿದ್ದಳು.

ಬಹುಮಾನ ಹಂಚಿದ ಮೇಲೆ ಆನಂದಕುಮಾರ ಆಕೆಯ ಕೈಗೆ ಮೈಕು ಕೊಟ್ಟ. ಸಂಘದ ಅರ್ಥದ ಬಗ್ಗೆ ಅಧ್ಯಕ್ಷರು ಎರಡು ಮಾತು ಹೇಳಬೇಕಂತೆ. ಆಕೆ ಮೈಕನ್ನು ಲಟ್ಟಣಿಗೆ ಹಿಡಿದಂತೆ ಹಿಡಿದುಕೊಂಡು, ಕೆಸರು ಮೆತ್ತಿದ ಕಾಲಲ್ಲಿ ಕೆಳಗೆ ನಿಂತಿದ್ದ ಮಹಾಲಕ್ಷ್ಮಿಯನ್ನು ನೋಡಿದಳು.

"ಯಾವಾಗಿಂದ?" ಅಂದಳು.

ಸ್ಪೀಕರಿನಲ್ಲಿ ಆ ಮಾತು ಗೊರೇಬಾಳದ ತನಕ ಹೋಯಿತು. ಮಹಾಲಕ್ಷ್ಮಿ ತಲೆ ತಗ್ಗಿಸಿದಳು. ಆನಂದಕುಮಾರ ಮುಂದೆ ಬಾಗಿ, ನಗುನಗುತ್ತಾ, "ಹೋದ ವರ್ಷದಿಂದ ಈ ಸಂಘ ಸಕ್ರಿಯವಾಗಿ ಕೆಲಸ ಮಾಡಾಕತ್ತೈತಿ" ಅಂತ ಉತ್ತರ ಕೊಟ್ಟ. ಮತ್ತೆ ಚಪ್ಪಾಳೆ. ಅಷ್ಟು ಚಿಕ್ಕ ಭಾಷಣವನ್ನು ಆ ವೇದಿಕೆ ಮೊದಲು ಕಂಡಿರಲಿಲ್ಲ ಅಂತ ವಿರೂಪಾಕ್ಷಪ್ಪನವರು ಮೆಚ್ಚಿದರು.

ದಾರಿಯುದ್ದಕ್ಕೂ ಕನಕಮ್ಮ ಬಾಯಿ ಬಿಡಲಿಲ್ಲ. ಬೈದರೆ ಸಾಕು ಅಂತ ಎಲ್ಲರೂ ಕಾದರು. ಮನೆ ಬಂದಾಗ ಹಾರವನ್ನು ಸೀಟಿನ ಮೇಲೆ ಬಿಟ್ಟು ಇಳಿದುಹೋದಳು.

ಮರುದಿನ ಬೆಳಿಗ್ಗೆ ನನ್ನ ಹಾರ್ನಿಗೆ ಹೊರಗೆ ಬಂದವನು ಮುದುಕಪ್ಪ. "ಬರಂಗಿಲ್ಲಂತ" ಅಂದ. ಈ ವರ್ಷ ಅವನು ನನ್ನ ಹತ್ತಿರ ಆಡಿದ ಮೊದಲ ಮಾತು ಇರಬೇಕು. ಮಹಾಲಕ್ಷ್ಮಿ ಗಾಡಿಯಿಂದ ಜಿಗಿದು ಒಳಗೆ ನುಗ್ಗಿದಳು, ಹಿಂದೆ ದುರ್ಗಾದೇವಿ. ನಾನು ಬಾಗಿಲಲ್ಲಿ ನಿಂತೆ. ಕನಕಮ್ಮ ಒಲೆಯ ಮುಂದೆ ಗೋಡೆಗೆ ಒರಗಿ ಕೂತಿದ್ದಳು. ಒಂದೇ ರಾತ್ರಿಗೆ ಮುದುಕಿಯಾಗಿದ್ದಳು.

"ಎದ್ದೇಳು ಯವ್ವಾ, ಹೊತ್ತಾತು."

"ನಾ ಯಾಕ ಬರ್ಲಿ? ನೀವು ಹಚ್ಚಿದ್ದು ನೋಡಿ ನಾ ಹಚ್ಚೀನಿ ಅಂತ ಮೆರಿಲಾಕ? ಬಿಟ್ಟಿ ಕೂಲಿ ತಿಂದೀನಿ ನಾ ಇಷ್ಟು ದಿನ. ತಿಂದಿದ್ದಲ್ದ ನಿಮಗಾ ಮೈಗಳ್ಳ್ಯಾರು ಅಂದೀನಿ." ಒಲೆಯೊಳಗಿನ ಕೊಳ್ಳಿಯನ್ನು ಒಳಕ್ಕೆ ತಳ್ಳಿದಳು. "ಒಬ್ಬರಾದ್ರೂ ಹೇಳಬಾರ್ದೇನ್ ಬೇ?"

ಮಹಾಲಕ್ಷ್ಮಿಗೆ ಸಿಟ್ಟು ನೆತ್ತಿಗೇರಿತು. ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಳು.

"ನೀ ಆವಾಗ ನನಗ ಹೇಳಿದ್ಯೇನು? ನನ್ನ ಮಗಳು ಆನಂದಿ ಹೊಟ್ಟ್ಯಾಗಿದ್ದಾಗ, ದಿನ ತುಂಬಿದ ಬಸುರಿ, ಬಾಗಿದ್ರ ಕಣ್ಣು ಕತ್ತಲಿ ಬರ್ತಿತ್ತು. ನನ್ನ ಸಾಲು ಮುಗಿತಿತ್ತು ದಿನಾ. ನಾ ಬಾಳ ಗಟ್ಟಿ ಅದೀನಿ ಅಂತ ಊರ ತುಂಬ ಹೇಳ್ಕೊಂಡು ತಿರುಗೀನಿ. ಹೆತ್ತ ಮ್ಯಾಲ ತಿಳೀತು, ಅದನ್ನ ಹಚ್ಚಿದಾಕಿ ಮಗ್ಗಲ ಸಾಲಿನ ನೀ ಅಂತ."

ಕನಕಮ್ಮ ಹುಬ್ಬು ಗಂಟಿಕ್ಕಿ ಯೋಚಿಸಿದಳು.

"ನಾ ಹಚ್ಚಿದ್ನೇನು?" ಅಂದಳು. "ನನಗ ನೆನಪಿಲ್ಲ."

ಅದು ನಾಟಕವಲ್ಲ, ನಿಜವಾಗಿಯೂ ಆಕೆಗೆ ನೆನಪಿರಲಿಲ್ಲ. ಮಹಾಲಕ್ಷ್ಮಿಗೆ ಅಳು ಬಂದುಬಿಟ್ಟಿತು. ದುರ್ಗಾದೇವಿ ಕನಕಮ್ಮನ ರಟ್ಟೆ ಹಿಡಿದು ಎಬ್ಬಿಸಿದಳು. ನಾನು, ಡೀಸೆಲ್ ನಿಮ್ಮಪ್ಪ ಹಾಕಿಸ್ತಾನೇನು ಅಂತ ಎಲ್ಲರಿಗೂ ಸೇರಿಸಿ ಬೈದೆ. ಇಂಥ ಹೊತ್ತಿನಲ್ಲಿ ನನಗೆ ಬೈಯುವುದೊಂದೇ ಬರುತ್ತದೆ.

ಅವತ್ತಿನ ಗದ್ದೆ ಕಾಲುವೆಯ ಕೊನೆಯದು, ಕೆಸರು ಮೊಣಕಾಲು ಮಟ್ಟ. ಕನಕಮ್ಮ ತನ್ನ ಜಾಗದಲ್ಲೇ ನಿಂತಳು. ಅಧ್ಯಕ್ಷೆಯೊಬ್ಬಳು ಕೆಸರಿಗೆ ಇಳಿದದ್ದಕ್ಕೆ ಸಂಘದ ನಿಯಮ ಏನು ಹೇಳುತ್ತದೋ ಆನಂದಕುಮಾರನನ್ನೇ ಕೇಳಬೇಕು. ಭಾಗ್ಯಶ್ರೀ ಅಂಚಿನ ಸಾಲಿಗೆ ಹೋದಳು. ಕೆಲಸ ಶುರುವಾಯಿತು. ಕನಕಮ್ಮ ಹಚ್ಚಿದಳು, ಸರಿದಳು, ಮತ್ತೆ ಹಚ್ಚಿದಳು. ಬಿಸಿಲು ಏರಿದ ಮೇಲೆ ಒಂದು ಸಲ ನಿಂತುಬಿಟ್ಟಳು. ಸೊಂಟಕ್ಕೆ ಕೈ ಕೊಟ್ಟುಕೊಂಡು ಹಾಗೇ ಬಾಗಿದ್ದಳು. ಸಾಲೆಲ್ಲ ನಿಂತಿತು. ಇಷ್ಟು ವರ್ಷದಲ್ಲಿ ಆಕೆಯ ಬಾಯಿಂದ ನಾನು ಕೇಳದ ಮಾತನ್ನು ಅವತ್ತು ಕೇಳಿದೆ.

"ನನ್ನ ಕೈಲಿ ಆಗವಲ್ದು" ಅಂದಳು ಕನಕಮ್ಮ, ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವಂತೆ. "ನನ್ನ ಸಾಲು ಒಂದೀಟು ಹಚ್ಚಿ ಕೊಡ್ರೆವ್ವಾ."

ಮಹಾಲಕ್ಷ್ಮಿ ತಲೆ ಎತ್ತಲಿಲ್ಲ.

"ಆಗ್ಲೇ ಹಚ್ಚೀವಿ ಯವ್ವಾ" ಅಂದಳು. "ಹಿಂದಕ್ಕ ಸರಿ."